ಮಂಗಳೂರಿನ ಬಾಸೆಲ್ ಮಿಶನ್: ಕಾರ್ಯಕರ್ತರ ಸಂಕಟ ಮತ್ತು ಆಸರೆಯ ನೆಲೆಗಳು

ಬಾಸೆಲ್ ಮಿಶನ್ ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಮುದ್ರಣಾಲಯ, ನಿಘಂಟು, ಪತ್ರಿಕೆ, ಶಾಲೆ, ಹೆಂಚಿನ ಕಾರ್ಖಾನೆ ಇವುಗಳ ಸುತ್ತ ಬೆಳೆದಿವೆ. ಇದು ಸಹಜವೇ. 1841ರ ಕಲ್ಲಚ್ಚಿನ ಮುದ್ರಣಾಲಯ, 1843ರ 'ಮಂಗಳೂರ ಸಮಾಚಾರ', 1894ರ ಕಿಟೆಲ್ ನಿಘಂಟು ಇವು ನಾಡಿನ ಚರಿತ್ರೆಯಲ್ಲಿ ಅಳಿಸಲಾಗದ ಗುರುತುಗಳು. ಆದರೆ ಈ ಕೆಲಸಗಳನ್ನು ಮಾಡಿದವರು ಕಾಯಿಲೆ, ಸಾವು, ಒಂಟಿತನ, ಬಹಿಷ್ಕಾರಗಳನ್ನು ಹೇಗೆ ದಾಟಿದರು, ಅವರಿಗೆ ಆಸರೆಯಾದವರು ಯಾರು ಎಂಬ ಪ್ರಶ್ನೆ ಹಿನ್ನೆಲೆಯಲ್ಲೇ ಉಳಿದಿದೆ. ಆ ಪ್ರಶ್ನೆಯನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1833ರ ಸನದು ಕಾಯಿದೆಯಿಂದ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. 1834ರಲ್ಲಿ ಸಾಮುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷಗಳ ಬಳಿಕ ಹೆರ್ಮನ್ ಮೋಗ್ಲಿಂಗ್ ಬಂದು ಸೇರಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಬಾಸೆಲಿಗೆ ಬರೆದ ಕಾಗದಕ್ಕೆ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಆದರೂ ಮಿಶನರಿಯ ಖಾಸಗಿ ಬದುಕಿನ ಮುಖ್ಯ ತೀರ್ಮಾನಗಳೆಲ್ಲ ಬಾಸೆಲಿನ ಕಮಿಟಿಯ ಕೈಯಲ್ಲಿದ್ದವು. ಅವನು ಮದುವೆಯಾಗಲು ಕಮಿಟಿಯ ಅನುಮತಿ ಬೇಕಿತ್ತು. ಎಷ್ಟೋ ಮಂದಿಗೆ ಊರಿನಿಂದಲೇ ವಧುವನ್ನು ಗೊತ್ತುಮಾಡಿ ಕಳುಹಿಸಲಾಗುತ್ತಿತ್ತು. ಶಾಲಾವಯಸ್ಸಿನ ಮಕ್ಕಳನ್ನು ಯುರೋಪಿಗೆ ಕಳುಹಿಸಬೇಕಿತ್ತು. ಅವರಿಗಾಗಿ 1850ರ ದಶಕದಲ್ಲಿ ಬಾಸೆಲಿನಲ್ಲಿ ಮಕ್ಕಳ ಮನೆಯೇ ಆರಂಭವಾಯಿತು. ಮಗುವಿನ ಆರೋಗ್ಯ, ವಿದ್ಯೆಗಳ ದೃಷ್ಟಿಯಿಂದ ಇದು ಆಸರೆಯೆಂಬುದು ನಿಜ. ಆರು ವರ್ಷದ ಕೂಸನ್ನು ಹಡಗು ಹತ್ತಿಸಿದ ತಾಯಿಯ ಪಾಲಿಗೆ ಅದೇ ದೊಡ್ಡ ಸಂಕಟವೂ ಆಗಿತ್ತು. ಆಸರೆ ಮತ್ತು ಹಿಡಿತ ಒಂದೇ ಕೈಯಿಂದ ಬರುತ್ತಿದ್ದವು ಎಂಬುದನ್ನು ಗಮನಿಸದೆ ಮಿಶನ್ನಿನ ಆಡಳಿತವನ್ನು ಅರ್ಥಮಾಡಿಕೊಳ್ಳಲಾಗದು.

ಮರಣ ಬಂದಾಗ ಒಳಬಳಗವೇ ಕುಟುಂಬದ ಸ್ಥಾನ ತುಂಬುತ್ತಿತ್ತು. ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನಾರನ್ನು ಮುಂದೆ ಮೋಗ್ಲಿಂಗರೇ ಮದುವೆಯಾದರು. ಕಿಟೆಲರ ಮೊದಲ ಪತ್ನಿ ಪೌಲೀನಾ 1864ರಲ್ಲಿ ನಿಧನರಾದ ಮೇಲೆ 1867ರಲ್ಲಿ ಆಕೆಯ ತಂಗಿ ಯೂಲಿ ಅವರ ಕೈಹಿಡಿದರು. ಕಿಟೆಲರ ಪಾಂಡಿತ್ಯವನ್ನು ಕೊಂಡಾಡುವ ನಾವು ಆ ಮನೆಯ ಈ ಹೆಂಗಸರ ಹೆಸರನ್ನು ಎತ್ತುವುದೇ ಅಪರೂಪ.

ಇನ್ನು ಸ್ಥಳೀಯ ಕಾರ್ಯಕರ್ತರ ವಿಚಾರ. ಇಲ್ಲಿ ಸಂಕಟದ ಸ್ವರೂಪವೇ ಬೇರೆ. 1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕ್ಷೋಭೆ ಉಂಟಾಯಿತು. ಮನೆಯ ಸಂಬಂಧ ಕಡಿಯಿತು, ಎಳೆಯ ಹೆಂಡತಿ ಅವರ ಬಳಿಗೆ ಬರಲಿಲ್ಲ. ಮೋಗ್ಲಿಂಗರು ಅವರಿಗೆ ಗುರುವಷ್ಟೇ ಅಲ್ಲ, ತಂದೆಯೂ ಆದರು. ತಮ್ಮ ಹೆಸರನ್ನೇ ಕೊಟ್ಟು ಅವರನ್ನು ಹೆರ್ಮನ್ ಆನಂದರಾವ್ ಕೌಂಡಿನ್ಯರೆಂದು ಕರೆದರು. ಕೌಂಡಿನ್ಯರು 1846ರಲ್ಲಿ ಬಾಸೆಲಿಗೆ ಹೋಗಿ, ಓದು ಮುಗಿಸಿ, 1851ರಲ್ಲಿ ಮಿಶನರಿಯಾಗಿ ಮರಳಿದರು. 1860ರಲ್ಲಿ ಜರ್ಮನಿಯ ಮರಿಯಾ ರೈನ್‌ಹಾರ್ಟ್ ಅವರನ್ನು ವರಿಸಿದರು. ಆದರೆ ಕೌಂಡಿನ್ಯರು ಅಪವಾದ. ಅವರನ್ನೇ ಮಾದರಿಯೆಂದು ಎತ್ತಿ ಹಿಡಿಯುವ ಬರವಣಿಗೆಗಳು ಸಾಮಾನ್ಯ ಉಪದೇಶಿಯ ಪಾಡನ್ನು ಮರೆಮಾಡಿವೆ ಎಂಬುದು ನನ್ನ ಅಭಿಪ್ರಾಯ.

ತುಳುನಾಡಿನಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚಿನ ಸಂಖ್ಯೆಯಲ್ಲಿದ್ದರು. ಅವರದು ಅಳಿಯಸಂತಾನದ ಕಟ್ಟು. ಅಲ್ಲಿ ವ್ಯಕ್ತಿಗೆ ಇದ್ದದ್ದು ಕುಟುಂಬದ ಮನೆಯಲ್ಲಿ ಉಂಡು ಬಾಳುವ ಹಕ್ಕೇ ಹೊರತು ಪಾಲು ಕೇಳುವ ಹಕ್ಕಲ್ಲ. ಮತಾಂತರದಿಂದ ಆಸ್ತಿಯ ಹಕ್ಕು ಹೋಗದೆಂದು 1850ರ ಇಪ್ಪತ್ತೊಂದನೆಯ ಕಾಯಿದೆ ಹೇಳಿತು. ಆದರೆ ಪಾಲೇ ಇಲ್ಲದ ಕಟ್ಟಿನಲ್ಲಿ ಆ ಮಾತಿನಿಂದ ಹೆಚ್ಚೇನೂ ದಕ್ಕುತ್ತಿರಲಿಲ್ಲ. ಹೆಂಡತಿ ಮಕ್ಕಳು ಆಕೆಯ ತವರಿನ ಕುಟುಂಬಕ್ಕೆ ಸೇರಿದವರು; ಗಂಡನ ಹಿಂದೆ ಬರಲೇಬೇಕೆಂಬ ಕಟ್ಟುಪಾಡಿಲ್ಲ. ಚಾಲಗೇಣಿ ಒಕ್ಕಲಾದರೆ ಧಣಿ ಎಬ್ಬಿಸಬಹುದು. ಶೇಂದಿ ಇಳಿಸುವ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಹೀಗೆ ಮನೆ, ನೆಲ, ಕಸುಬು ಮೂರೂ ಒಟ್ಟಿಗೆ ಕೈಬಿಡುತ್ತಿದ್ದವು.

ಇಷ್ಟಕ್ಕೇ ಮುಗಿಯಲಿಲ್ಲ. ತುಳುವರ ಮನೆಯಲ್ಲಿ ಕಾಯಿಲೆ ಬಂದರೆ ಬಲ್ಮೆ ನೋಡಿಸಿ ಕಾರಣ ತಿಳಿಯುವರು. ಭೂತಕ್ಕೆ ತಂಬಿಲ, ಕೋಲದ ಹರಕೆ ಹೊರುವರು. ಕೋಲದಲ್ಲಿ ಭೂತ ಕೊಡುವ ನುಡಿ ಇಡೀ ಕುಟುಂಬಕ್ಕೆ ಅಭಯ. ಸಾವಾದರೆ ಹೆಣ ಹೊರಲು, ಬೊಜ್ಜ ಮುಗಿಸಲು ನೆರೆಕರೆಯೇ ನಿಲ್ಲುತ್ತದೆ. ಸಭೆಗೆ ಸೇರಿದವನು ಕಳೆದುಕೊಂಡದ್ದು ಬರಿಯ ನಂಬಿಕೆಯನ್ನಲ್ಲ, ಸಂಕಟವನ್ನು ಹಂಚಿಕೊಳ್ಳುವ ಈ ಇಡೀ ವ್ಯವಸ್ಥೆಯನ್ನು. ಆ ಜಾಗದಲ್ಲಿ ಮಿಶನ್ ಪ್ರಾರ್ಥನೆ, ಔಷಧ, ಉಪದೇಶಿಯ ಭೇಟಿ, ಸಭೆಯ ಸ್ಮಶಾನಗಳನ್ನು ಇಟ್ಟಿತು. ಮನೆಮನೆಗೆ ಹೋಗಿ ಇತರರಿಗೆ ಸಾಂತ್ವನ ಹೇಳಬೇಕಾಗಿದ್ದ ಉಪದೇಶಿಯೂ ಇದೇ ಬಹಿಷ್ಕಾರವನ್ನು ಅನುಭವಿಸಿದವನು ಎಂಬುದು ಇಲ್ಲಿ ಮುಖ್ಯ. 1886ರಲ್ಲಿ ತುಳು ನಿಘಂಟನ್ನೂ ಪಾಡ್ದನಗಳನ್ನೂ ಪ್ರಕಟಿಸಿದ ಮೆನ್ನರ್ ಮುಂತಾದವರಿಗೆ ಭೂತಾರಾಧನೆಯ ವಿವರಗಳು ಚೆನ್ನಾಗಿ ಗೊತ್ತಿದ್ದವು. ಅದನ್ನು ಅವರು ಮುಖ್ಯವಾಗಿ ಅಳಿಯಬೇಕಾದ ನಂಬಿಕೆಯೆಂದು ಕಂಡರು. ಅದು ಕಷ್ಟಕಾಲದ ಊರುಗೋಲೂ ಆಗಿತ್ತೆಂಬುದು ಅಷ್ಟಾಗಿ ಅವರ ಗಮನಕ್ಕೆ ಬರಲಿಲ್ಲ.

ಅನ್ನದ ದಾರಿಗಾಗಿ ಮಿಶನ್ ಹಲವು ಉದ್ಯೋಗಗಳನ್ನು ಪ್ರಯತ್ನಿಸಿತು. ಗಡಿಯಾರದ ಕೆಲಸದಂಥವು ಕೈಹಿಡಿಯಲಿಲ್ಲ. 1851ರಲ್ಲಿ ಹಾಲರ್ ಬಂದ ಮೇಲೆ ನೇಯ್ಗೆ ನೆಲೆಗೊಂಡಿತು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮನೆಯಿಂದ ಹೊರಬಿದ್ದವರಿಗೆ ಇವು ನಿಜವಾದ ಆಶ್ರಯಗಳಾದವು. ಆದರೆ ಕೂಲಿ ಕೊಡುವವರೂ ಸಭೆಯ ಶಿಸ್ತು ನೋಡುವವರೂ ಒಂದೇ ಸಂಸ್ಥೆಯವರಾದ್ದರಿಂದ, ಸಭೆಯಲ್ಲಿ ತಪ್ಪಿದವನು ಕೆಲಸದ ವಿಷಯದಲ್ಲೂ ಅಂಜಬೇಕಾಗಿತ್ತು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಸಂಕಟ ತಿರುಗಿ ಯುರೋಪಿಯನ್ನರ ಮೇಲೆಯೇ ಬಂತು. ಜರ್ಮನ್ ಮಿಶನರಿಗಳು ಶತ್ರುದೇಶದ ಪ್ರಜೆಗಳೆನಿಸಿದರು. ಅಹಮದ್‌ನಗರದ ಶಿಬಿರದಲ್ಲಿ ಅವರನ್ನು ಇರಿಸಲಾಯಿತು. ಬಳಿಕ 'ಗೋಲ್ಕೊಂಡಾ' ಹಡಗಿನಲ್ಲಿ ಸ್ವದೇಶಕ್ಕೆ ಸಾಗಿಸಲಾಯಿತು. ಎಂಬತ್ತು ವರ್ಷ ಇತರರನ್ನು ಸಂತೈಸುತ್ತ ಬಂದವರು ಸಾಮಾನು ಕಟ್ಟಿ ಹೊರಡಬೇಕಾಯಿತು. ಸಭೆಗಳ ದೈನಂದಿನ ಹೊಣೆಯ ಬಹುಪಾಲು ದೇಶೀಯ ಸಭಾಪಾಲಕರ, ಉಪದೇಶಿಗಳ, ಶಾಲಾ ಮಾಸ್ತರರ ಹೆಗಲಿಗೆ ಬಿತ್ತು. 1947ರಲ್ಲಿ ಇಲ್ಲಿಯ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರುವ ಹೊತ್ತಿಗೆ ಸ್ಥಳೀಯ ನಾಯಕತ್ವ ಗಟ್ಟಿಗೊಂಡಿದ್ದುದರಲ್ಲಿ ಈ ಕಷ್ಟಕಾಲದ ಪಾತ್ರವಿದೆ.

ಮಿಶನರಿಗಳ ಕಾಗದಗಳು, ವರದಿಗಳು ಬಾಸೆಲಿನ ಪತ್ರಾಗಾರದಲ್ಲಿ ಹೇರಳವಾಗಿವೆ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ದಾಖಲೆಗಳಿವೆ. ಕೆಲಸಗಾರರ ಕಡೆಯ ಕಥನವನ್ನು ಮಾತ್ರ ಜೆಪ್ಪು, ಬೋಳಾರ, ಬಲ್ಮಠಗಳ ಹಳೆಯ ಮನೆತನಗಳ ಬಾಯಿಮಾತಿನಲ್ಲೇ ಹುಡುಕಬೇಕು. ಅವರ ಹಿರಿಯರು ದುಡಿದ ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದವು. ಸಭೆಯ ಹಿರಿಯನೂ ಕಾರ್ಖಾನೆಯ ಧಣಿಯೂ ಒಂದೇ ಮಿಶನ್ ಆಗಿದ್ದ ಕಾಲ ಅಲ್ಲಿಗೆ ಮುಗಿಯಿತು.