ಹಾಲಿ ಏಳು, ಕಲ್ದಾರ್ ಆರು

ನಿಜಾಮರ ಹೈದರಾಬಾದಿನಲ್ಲಿ ಲೆಕ್ಕದ ಮಾಸ್ತರಿಗೆ ಲೆಕ್ಕಗಳ ಬರವಿರಲಿಲ್ಲ. ಸಂಸ್ಥಾನದ ನಾಣ್ಯ ಹಾಲಿ ಸಿಕ್ಕ. ಗಡಿ ದಾಟಿದರೆ ಬ್ರಿಟಿಷರ ರೂಪಾಯಿ, ಜನರ ಬಾಯಲ್ಲಿ ಅದು ಕಲ್ದಾರ್. 7 ಹಾಲಿಗೆ 6 ಕಲ್ದಾರ್ ಎಂಬುದು ಹೆಚ್ಚುಕಡಿಮೆ ನಿಂತ ದರ. ಹಾಗಾದರೆ 15 ರೂಪಾಯಿ 12 ಆಣೆ ಹಾಲಿಗೆ ಕಲ್ದಾರ್ ಎಷ್ಟು? ಎಲ್ಲವನ್ನೂ ಆಣೆ ಮಾಡಿದರೆ 252. ಏಳರಿಂದ ಭಾಗಿಸಿ ಆರರಿಂದ ಗುಣಿಸಿದರೆ 216. ಮತ್ತೆ ಹದಿನಾರರಿಂದ ಭಾಗಿಸಿದರೆ 13 ರೂಪಾಯಿ 8 ಆಣೆ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಗೆ ಬಂದ ಹುಡುಗ ಇದನ್ನು ಪಾಟಿ ಮುಟ್ಟದೆ ಹೇಳಿಯಾನು. ಉಳಿದವರಿಗೆ ಒಂದು ಪೀರಿಯಡ್ಡು ಸಾಲದು.

ವರ್ಷದ ಲೆಕ್ಕವೂ ಹೀಗೆಯೇ. ಸರ್ಕಾರಿ ಕಾಗದಗಳಲ್ಲಿ ಇರುತ್ತಿದ್ದುದು ಫಸಲಿ ವರ್ಷ. ಕ್ರಿಸ್ತಶಕಕ್ಕೆ ತಿರುಗಿಸಲು ಅದಕ್ಕೆ 590 ಕೂಡಿಸಬೇಕೋ 591 ಕೂಡಿಸಬೇಕೋ ಎಂಬುದು ತಿಂಗಳು ನೋಡಿ ತೀರ್ಮಾನವಾಗಬೇಕು.

ಇಷ್ಟೆಲ್ಲ ನಡೆಯುತ್ತಿದ್ದುದು ಉರ್ದುವಿನಲ್ಲಿ. 1917ರ ಫರ್ಮಾನಿನಿಂದ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನದು, ಇಂಗ್ಲಿಷ್ ಅಲ್ಲಿ ಕಡ್ಡಾಯ ಎರಡನೆಯ ಭಾಷೆ. ಅದೇ ವರ್ಷ ತೆರೆದ ಅನುವಾದ ಕಚೇರಿ, ದಾರುಲ್ ತರ್ಜುಮಾ, ಗಣಿತವನ್ನೂ ವಿಜ್ಞಾನವನ್ನೂ ಉರ್ದುವಿಗೆ ತಂದಿತು. ಮೇಲಿನ ಕಲಿಕೆ ಯಾವ ಭಾಷೆಯಲ್ಲೋ ಹೈಸ್ಕೂಲಿನದೂ ಅದೇ ಭಾಷೆಯಲ್ಲಿ. ರಾಯಚೂರು, ಗುಲ್ಬರ್ಗ, ಬೀದರ್‌ ಕಡೆಯ ಹುಡುಗ ಮನೆಯಲ್ಲಿ ಕೂಡುವುದು ಕಳೆಯುವುದು ಅಂದದ್ದು ತರಗತಿಯಲ್ಲಿ ಜಮಾ, ತಫ್ರೀಕ್ ಆಗುತ್ತಿತ್ತು. ಗುಣಾಕಾರ ಜರ್ಬ್, ತ್ರಿಕೋನ ಮುಸಲ್ಲಸ್. ಮುಂದಿನ ಪೀರಿಯಡ್ಡಿಗೆ ಬರುವ ಇಂಗ್ಲಿಷ್ ಮಾಸ್ತರು ವ್ಯಾಕರಣ ವಿವರಿಸುತ್ತಿದ್ದುದೂ ಉರ್ದುವಿನಲ್ಲಿಯೇ. ಪರಭಾಷೆಯನ್ನು ಪರಭಾಷೆಯಿಂದಲೇ ಕಲಿಯಬೇಕಾದ ಫಜೀತಿ ಕನ್ನಡ, ತೆಲುಗು, ಮರಾಠಿ ಮಕ್ಕಳದು. ಹಾಗೆಂದು ಉರ್ದು ಶಿಕ್ಷಣವನ್ನು ಒಟ್ಟಾರೆ ಜರಿಯುವುದು ಸರಿಯಲ್ಲ. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಗಣಿತ ಕಲಿಸಬಹುದೆಂದು ವಿಶ್ವವಿದ್ಯಾಲಯದ ಮಟ್ಟದಲ್ಲಿ ತೋರಿಸಿಕೊಟ್ಟ ದೊಡ್ಡ ಪ್ರಯತ್ನ ಅದು. ಆದರೆ ಆ ಭಾಷೆ ಸಂಸ್ಥಾನದ ಬಹುಪಾಲು ಮಕ್ಕಳದ್ದಾಗಿರಲಿಲ್ಲ, ಅಷ್ಟೆ.

ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಲ್ಲೇ ಉಸ್ಮಾನಿಯಾದ ಬೋಧನೆ ಇಂಗ್ಲಿಷಿಗೆ ತಿರುಗಿತು. ಬಹುಕಾಲ ಉರ್ದುವಿನಲ್ಲಿ ಪಾಠ ಹೇಳಿದವರು ರಾತ್ರೋರಾತ್ರಿ ಹಳಬರಾದರು. ಮದ್ರಾಸ್ ಕಡೆಯಿಂದ ಇಂಗ್ಲಿಷ್ ಬಲ್ಲ ಮಾಸ್ತರುಗಳು ಬಂದರು. ನೌಕರಿಯಲ್ಲಿ ಸ್ಥಳೀಯರಿಗೆ ಮೊದಲ ಹಕ್ಕು ಎನ್ನುತ್ತಿದ್ದ ಮುಲ್ಕಿ ನಿಯಮದ ಹೆಸರಿನಲ್ಲಿ ಸಿಟ್ಟು ಕುದಿಯಿತು. 1952ರಲ್ಲಿ ವರಂಗಲ್ಲಿನ ಶಿಕ್ಷಕರ ನೇಮಕಾತಿ, ವರ್ಗಾವಣೆಗಳಿಂದ ಹೊತ್ತಿಕೊಂಡ ಚಳವಳಿ ರಾಜಧಾನಿಗೆ ಬಂತು. ಸೆಪ್ಟೆಂಬರ್ ಆರಂಭದಲ್ಲಿ ಸಿಟಿ ಕಾಲೇಜಿನ ಬಳಿ ಗೋಲಿಬಾರ್ ಆಗಿ ಜೀವಗಳು ಹೋದವು. ಶಾಲಾ ಮಾಸ್ತರ ಹುದ್ದೆಯ ಜಗಳ ಒಂದು ರಾಜ್ಯದ ರಾಜಕೀಯವನ್ನು ಇಷ್ಟರಮಟ್ಟಿಗೆ ಅಲುಗಿಸಿದ ಉದಾಹರಣೆ ದಕ್ಷಿಣದಲ್ಲಿ ಅಪರೂಪ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದವು, ಹೈದರಾಬಾದಿನಲ್ಲಿ ನೆಲೆ ನಿಂತ ಕನ್ನಡಿಗರು ಆಂಧ್ರಪ್ರದೇಶದಲ್ಲಿ ಉಳಿದರು. ಕಾಚಿಗುಡದ ನೃಪತುಂಗ ಶಾಲೆ ಅವರ ಮಕ್ಕಳಿಗೆ ಆಸರೆಯಾಯಿತು. ಅಲ್ಲಿ ಮುಸಲ್ಲಸ್ ಮತ್ತೆ ತ್ರಿಕೋನವಾಯಿತು.

ಅಷ್ಟರಲ್ಲಿ ದುಡ್ಡೇ ಬದಲಾಯಿತು. ಹಾಲಿ ಸಿಕ್ಕ ಕಣ್ಮರೆಯಾಗುತ್ತಿದ್ದ ದಶಕದಲ್ಲೇ, 1957ರ ಏಪ್ರಿಲ್ 1ರಂದು, ನಯಾ ಪೈಸೆ ಬಂತು. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ. ಒಂದು ಆಣೆಗೆ ಆರೂಕಾಲು ನಯಾ ಪೈಸೆ ಬರಬೇಕು, ಕಾಲು ಪೈಸೆಯ ನಾಣ್ಯವಿಲ್ಲ. ಹಾಗಾಗಿ ಪರಿವರ್ತನೆಯ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19. ಒಂದಾಣೆಯ ಮೂರು ಸಾಮಾನುಗಳನ್ನು ಬಿಡಿಬಿಡಿಯಾಗಿ ಕೊಂಡರೆ 18 ಪೈಸೆ, ಒಟ್ಟಿಗೆ ಕೊಂಡರೆ 19! ಕಿರಾಣಿ ಅಂಗಡಿಯವನು ಮೋಸ ಮಾಡಿಲ್ಲ, ಕೊಂಡವನೂ ತಪ್ಪು ಎಣಿಸಿಲ್ಲ ಎಂಬುದನ್ನು ತರಗತಿಗೆ ಬಿಡಿಸಿ ಹೇಳುವ ಕೆಲಸ ಲೆಕ್ಕದ ಮಾಸ್ತರ ಪಾಲಿಗೆ. ಸೇರು, ತೊಲ ಹೋಗಿ ಕಿಲೊ, ಗ್ರಾಂ ಬಂದದ್ದು ಇದರ ಹಿಂದೆಯೇ. ದೆಹಲಿಯಲ್ಲಿ ಕಾಯಿದೆಗಳಿಂದ ಮುಗಿದದ್ದು ಇಲ್ಲಿ ವರ್ಷಗಟ್ಟಲೆ ಹೋಂವರ್ಕಾಗಿ ಎಳೆಯಿತು.

ಇಂಗ್ಲಿಷ್ ಮಾಸ್ತರುಗಳ ಸರದಿ 1958ರಲ್ಲಿ ಬಂತು. ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾದದ್ದು ಹೈದರಾಬಾದಿನಲ್ಲೇ. ಇಂದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಮೂಲ ಅದು. 1960ರ ದಶಕದ ಮೊದಲ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ನಮ್ಮ ವಿ. ಕೃ. ಗೋಕಾಕರು. ಆಗಿನ ಮಂತ್ರ ವಾಕ್ಯರಚನೆಯ ಕ್ರಮ. ನಿಯಮ ಉರು ಹೊಡೆಸುವುದು ಬಿಟ್ಟು ಬೋರ್ಡಿನ ಮೇಲೆ ಖಾನೆ ಎಳೆದು ಒಂದರಲ್ಲಿ ಕರ್ತೃ, ಒಂದರಲ್ಲಿ ಕ್ರಿಯೆ, ಒಂದರಲ್ಲಿ ಕರ್ಮ ಬರೆಯುವುದು. ಮಕ್ಕಳು ಒಂದೊಂದು ಖಾನೆಯಿಂದ ಒಂದೊಂದು ಪದ ಹೆಕ್ಕಿ ವಾಕ್ಯ ಕಟ್ಟುವುದು. ಅರವತ್ತು ಮಕ್ಕಳ ತರಗತಿಯಲ್ಲಿ ತಪ್ಪಿಗೆ ಆಸ್ಪದ ಕಡಿಮೆ, ಕೆಂಪು ಶಾಯಿಯ ಖರ್ಚೂ ಕಡಿಮೆ. ಬೇಸರ ಮಾತ್ರ ಹೆಚ್ಚು. ಇದೇ ಗೋಕಾಕರು 1981ರಲ್ಲಿ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ ಎಂಬ ವರದಿ ಕೊಟ್ಟದ್ದನ್ನು ಹಲವರು ವಿರೋಧಾಭಾಸವೆಂದರು. ಇಂಗ್ಲಿಷನ್ನು ಎಷ್ಟು ಮಟ್ಟಿಗೆ ಕಲಿಸಲು ಸಾಧ್ಯ ಎಂದು ಹತ್ತಿರದಿಂದ ಕಂಡವರಿಗೆ ಅದು ಹಾಗೆ ತೋರಿರಲಿಕ್ಕಿಲ್ಲ.

ಈ ಖಾನೆಗಳ ಬೇಸರಕ್ಕೆ ಉತ್ತರ ಹುಡುಕಿದ್ದು ಹೈದರಾಬಾದಲ್ಲ, ಬೆಂಗಳೂರು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸಿನ ಕಡೆಯ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಇಂಗ್ಲಿಷ್ ತರಗತಿ ಲೆಕ್ಕದ ತರಗತಿಯಂತೆ ನಡೆಯಿತು. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಹಿಡಿದರೆ ಹೊತ್ತಿಗೆ ಮುಟ್ಟಬಹುದೆಂದು ಕೇಳುವುದು, ನಕ್ಷೆ ನೋಡಿ ದಾರಿ ಹೇಳಿಸುವುದು. ಮೊದಲು ಮಾಸ್ತರು ಇಡೀ ತರಗತಿಯೊಡನೆ ಒಂದನ್ನು ಬಿಡಿಸಿ ತೋರಿಸುತ್ತಿದ್ದರು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳೇ ಬಿಡಿಸಬೇಕು, ಉತ್ತರಕ್ಕೆ ಅಂಕ. ವ್ಯಾಕರಣದ ಹೆಸರೆತ್ತುವಂತಿಲ್ಲ. ಜಗತ್ತಿನಾದ್ಯಂತ ಭಾಷಾಬೋಧನೆಯ ಪಠ್ಯಗಳಲ್ಲಿ ಇಂದಿಗೂ ಇದು ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರುವಾಸಿ.

ಹೈದರಾಬಾದ್ ಮಾತ್ರ ಲೆಕ್ಕದ ಹಿಂದೆ ಓಡಿತು. ತೆಲಂಗಾಣದ ರೈತ ಹೋರಾಟದಲ್ಲಿದ್ದು ಮಾಸ್ತರಿಕೆಯಲ್ಲಿ ನಿವೃತ್ತರಾದ ಚುಕ್ಕಾ ರಾಮಯ್ಯ 1980ರ ದಶಕದಲ್ಲಿ ನಲ್ಲಕುಂಟೆಯಲ್ಲಿ ಐಐಟಿ ಪ್ರವೇಶದ ತರಬೇತಿ ತೆರೆದರು. ಅವರ ತರಗತಿಗೆ ಸೇರಲಿಕ್ಕೂ ಒಂದು ಪ್ರವೇಶ ಪರೀಕ್ಷೆ! ಅದರಲ್ಲಿ ಪಾಸಾಗಲು ಬೇರೊಂದು ಕಡೆ ಟ್ಯೂಷನ್ ಹಚ್ಚುವವರೂ ಹುಟ್ಟಿಕೊಂಡರು. ಆಮೇಲೆ ಬಂದ ಕಾರ್ಪೊರೇಟ್ ಕಾಲೇಜುಗಳ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ.

2022ರಲ್ಲಿ ತೆಲಂಗಾಣ ಸರ್ಕಾರ ತನ್ನ ಶಾಲೆಗಳಲ್ಲಿ 1ರಿಂದ 8ರವರೆಗಿನ ತರಗತಿಗಳಿಗೆ ಇಂಗ್ಲಿಷ್ ಮಾಧ್ಯಮ ತಂದಿತು. ಶಿಕ್ಷಕರ ತರಬೇತಿಗೆ ನೆರವಾದದ್ದು ಬೆಂಗಳೂರಿನ ಅಜೀಂ ಪ್ರೇಂಜಿ ವಿಶ್ವವಿದ್ಯಾಲಯ. ಹೊಸ ಪಠ್ಯಪುಸ್ತಕಗಳು ದ್ವಿಭಾಷೆಯವು. ಒಂದು ಪುಟ ತೆಲುಗಿನಲ್ಲಿ, ಎದುರು ಪುಟ ಇಂಗ್ಲಿಷಿನಲ್ಲಿ, ಲೆಕ್ಕ ಎರಡರಲ್ಲೂ ಅದೇ. ಯಾವ ಪುಟದಿಂದ ಶುರು ಮಾಡಬೇಕೆಂಬುದು ಪೀರಿಯಡ್ಡಿನ ಮೊದಲ ಐದು ನಿಮಿಷದಲ್ಲಿ ಮಾಸ್ತರೇ ತೀರ್ಮಾನಿಸಬೇಕು.