ಬೀದರಿನ ಕೆಂಪು ಕಲ್ಲು ಮತ್ತು ಕರೇಜು

ಬಹಮನಿ ಸುಲ್ತಾನ ಅಹಮದ್ ಶಾ 15ನೇ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ. ಅದರ ರಾಜಕೀಯ ಕಾರಣಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಮಾಂಜ್ರಾ ನದಿ ದೂರದ ತಗ್ಗಿನಲ್ಲಿ ಹರಿಯುವಾಗ ಎತ್ತರದ ದಿಬ್ಬದ ಮೇಲೆ ಅಷ್ಟು ದೊಡ್ಡ ಊರು ಏನು ಕುಡಿದು ಬದುಕಿತು ಎಂಬುದನ್ನು ಕೇಳಿದವರು ಕಡಿಮೆ. ಆ ಊರನ್ನು ಸಾಕಿದ್ದು ಅದರ ಕಾಲಡಿಯ ಕಲ್ಲು ಎಂಬುದು ನನ್ನ ವಾದ. ದಿಬ್ಬದ ಮೇಲ್ಪದರವೆಲ್ಲ ಜಂಬಿಟ್ಟಿಗೆ. ಕರಿಯ ಬಸಾಲ್ಟು ಯುಗಯುಗಗಳ ಮಳೆಬಿಸಿಲಿಗೆ ಶಿಥಿಲವಾಗಿ, ಕರಗುವುದೆಲ್ಲ ತೊಳೆದುಹೋಗಿ, ಕಬ್ಬಿಣದ ಅಂಶ ಉಳಿದು ಆದ ಕೆಂಪು ಕಲ್ಲು ಅದು. ಮೈತುಂಬ ತೂತು, ಬಿದ್ದ ಮಳೆ ನಿಲ್ಲದೆ ಒಳಗಿಳಿಯುತ್ತದೆ. ಕೆಳಗೆ ಜೇಡಿಯಂಥ ಪದರ, ಅದರಡಿ ಗಟ್ಟಿ ಬಸಾಲ್ಟು. ಅಲ್ಲಿ ತಡೆದ ನೀರು ಅಡ್ಡಡ್ಡ ಸರಿದು ದಿಬ್ಬದ ಅಂಚಿನಲ್ಲಿ ಒಸರುತ್ತದೆ. ನರಸಿಂಹ ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡುವುದು, ಗುರುನಾನಕ್ ಝೀರಾದಲ್ಲಿ ಸಿಹಿನೀರು ಹರಿಯುವುದು ಈ ಕಲ್ಲಿನ ಕೃಪೆಯಿಂದಲೇ.

ಬೀದರಿನ ಅಂಚಿನ ನೌಬಾದಿನಲ್ಲಿರುವ ಕರೇಜು ಈ ಒಸರನ್ನು ಹಿಡಿದು ತಂದ ಸುರಂಗ. ಸುಮಾರು 3 ಕಿಲೋಮೀಟರ್ ಉದ್ದ, ನೆಲದ ಮೇಲೆ ಸಾಲಾಗಿ ಗಾಳಿಬಾವಿಗಳು. ಇದು ಪರ್ಷಿಯಾದ ವಿದ್ಯೆ, ಬೀದರಿನ ಕಲ್ಲಿಗೇಕೆ ಹೆಗ್ಗಳಿಕೆ ಎಂದು ಯಾರಾದರೂ ಕೇಳಬಹುದು. ವಿದ್ಯೆ ಅಲ್ಲಿಂದ ಬಂದದ್ದು ನಿಜ. ಆದರೆ ಅಲ್ಲಿ ಈ ಸುರಂಗಗಳು ಹೆಚ್ಚಾಗಿ ಬೆಟ್ಟದ ಬುಡದ ಮೆಕ್ಕಲಿನಲ್ಲಿ ಸಾಗುತ್ತವೆ. ಇಲ್ಲಿ ಅಗೆದವರು ಜಂಬಿಟ್ಟಿಗೆಯ ಸ್ವಭಾವವನ್ನೇ ನಂಬಿದರು. ನೆಲದಡಿ ಇರುವಾಗ ಅದು ಕಡಿಯಲು ಮೆದು, ಗಾಳಿ ತಾಕಿದ ಮೇಲೆ ಗಡುಸು. ಕೋಟೆಯ ಕಂದಕವನ್ನೂ ಇದೇ ಕಲ್ಲಿನಲ್ಲಿ ಕಡಿದಿದ್ದಾರೆ. ಹೊರಗಿನ ಕೌಶಲಕ್ಕೆ ಒಳನಾಡಿನ ಕಲ್ಲು ಒದಗದಿದ್ದರೆ ಈ ಸುರಂಗ ಇಷ್ಟು ಶತಮಾನ ನಿಲ್ಲುತ್ತಿರಲಿಲ್ಲ.

ಇಂದಿನ ಜನಸಂಖ್ಯೆಗೆ ಕರೇಜಿನ ನೀರು ಎಲ್ಲಿಗೆ ಸಾಲುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸಾಲುವುದಿಲ್ಲ, ಒಪ್ಪಲೇಬೇಕು. ಆದರೂ ಕರೇಜು, ಇಂದಿನ ಕೊಳವೆಬಾವಿ ಎಂಬ ಎರಡು ವ್ಯವಸ್ಥೆಗಳ ವ್ಯತ್ಯಾಸ ನೋಡಿ. ಕರೇಜಿನಲ್ಲಿ ನೀರು ಇಳಿಜಾರಿಗೆ ತಾನಾಗಿ ಹರಿಯುತ್ತದೆ. ಸುರಂಗದ ತಳಕ್ಕಿಂತ ಕೆಳಗಿನ ಒಂದು ಹನಿಯನ್ನೂ ಅದು ಎಳೆಯಲಾರದು. ಮಳೆ ಕಡಿಮೆಯಾದರೆ ಹರಿವು ಸೊರಗುತ್ತದೆ, ಊರಿಗೆ ಅದು ಕಣ್ಣಿಗೇ ಕಾಣುತ್ತದೆ. ಕೊಳವೆಬಾವಿಗೆ ಆ ಮಿತಿಯಿಲ್ಲ. ಅದು ಜಂಬಿಟ್ಟಿಗೆಯನ್ನು ದಾಟಿ ಬಸಾಲ್ಟಿನ ಬಿರುಕುಗಳಿಗೆ ಇಳಿಯುತ್ತದೆ. ಅಲ್ಲಿನ ಸಂಗ್ರಹ ಕಿರಿದು, ಮತ್ತೆ ತುಂಬುವುದು ನಿಧಾನ. ಈಚಿನ ವರ್ಷಗಳಲ್ಲಿ ನೌಬಾದಿನ ಸುರಂಗದ ಹೂಳು ತೆಗೆಸಿದ್ದು ಒಳ್ಳೆಯ ಕೆಲಸ. ಆದರೆ ಹೂಳು ತುಂಬಿದ್ದು ಸುರಂಗದಲ್ಲಿ, ನೀರು ಇಂಗುವುದು ಮೇಲಿನ ಬಯಲಿನಲ್ಲಿ; ಆ ಬಯಲಿನ ಮೇಲೆ ಬಡಾವಣೆಗಳು ಏಳುತ್ತಿರುವಾಗ ಸುರಂಗವೊಂದನ್ನೇ ಸ್ಮಾರಕವೆಂದು ಕಾಯುವುದು ಅರ್ಧ ಕೆಲಸ.