ಬೈಬಲಿನ ಶಿಸ್ತು ಮತ್ತು ಮಕ್ಕಳ ದಂಡನೆ: ಧಾರವಾಡ ಸೀಮೆಯ ಕ್ರೈಸ್ತ ಸಭೆಗಳು

ತಪ್ಪು ಮಾಡಿದ ಮಗುವನ್ನು ಹೊಡೆದು ತಿದ್ದಬಹುದೇ ಎಂಬ ಪ್ರಶ್ನೆಗೆ ಕ್ರೈಸ್ತರು ಯಾವ ಕಾಲದಲ್ಲೂ ಒಂದೇ ಉತ್ತರ ಕೊಟ್ಟವರಲ್ಲ. ಹೊಡೆಯಬೇಕು ಎನ್ನುವವರ ಆಧಾರ ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳು (13:24, 22:15, 23:13-14, 29:15). ಮಗನ ಮೇಲೆ ಪ್ರೀತಿಯುಳ್ಳ ತಂದೆ ಬೆತ್ತಕ್ಕೆ ಹಿಂಜರಿಯುವುದಿಲ್ಲ ಎಂಬುದು ಅವುಗಳ ಸಾರ. ಬೇಡ ಎನ್ನುವವರು ಎಫೆಸದವರಿಗೆ 6:4, ಕೊಲೊಸ್ಸೆಯವರಿಗೆ 3:21 ತೋರಿಸುತ್ತಾರೆ. ಅಲ್ಲಿ ಮಕ್ಕಳಿಗೆ ವಿಧೇಯತೆ ಹೇಳಿದ ಬೆನ್ನಿಗೇ, ಅವರನ್ನು ಕೆರಳಿಸಿ ಎದೆಗುಂದಿಸಬೇಡಿರೆಂದು ತಂದೆಗಳಿಗೂ ತಾಕೀತು ಇದೆ. ಇನ್ನು ಸುವಾರ್ತೆಗಳಲ್ಲಿ ಮಕ್ಕಳನ್ನು ಹೊಡೆಯುವ ಬಗ್ಗೆ ಯೇಸುವಿನ ಮಾತು ಒಂದೂ ಇಲ್ಲ.

ಧಾರವಾಡ ಸೀಮೆಯಲ್ಲಿ ಈ ವಚನಗಳನ್ನು ಶಾಲೆಗೂ ಸಭೆಗೂ ತಂದವರಲ್ಲಿ ಬಾಸೆಲ್ ಮಿಷನ್ನಿನವರು ಮುಖ್ಯರು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು; 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ಠಾಣೆ ಹೂಡಿತು. ಮಿಷನರಿಗಳಲ್ಲಿ ಬಹುಪಾಲು ಜನ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು, ಪಯಟಿಸ್ಟ್ ಪಂಥದ ಮನೆಗಳಲ್ಲಿ ಬೆಳೆದವರು. ಮನುಷ್ಯನ ಹಟ ಮುರಿಯದೆ ದೇವರ ಕೃಪೆ ಒಳಗೆ ಬಾರದು ಎಂಬ ಆ ಪಂಥದ ನಂಬಿಕೆ ಮಕ್ಕಳ ಪಾಲನೆಗೂ ಅನ್ವಯಿಸುತ್ತಿತ್ತು. ಇಂಗ್ಲೆಂಡಿನಲ್ಲೂ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯ ತಾಯಿ ಸುಸಾನಾ 1732ರಲ್ಲಿ ಮಗನಿಗೆ ಬರೆದ ಪತ್ರದಲ್ಲಿ ಇದನ್ನೇ ವಿವರಿಸಿದ್ದಳು: ಮೊದಲು ಮಗುವಿನ ಹಟವನ್ನು ಗೆಲ್ಲಬೇಕು, ಅವಳ ಮಕ್ಕಳು ಒಂದು ವರ್ಷ ತುಂಬುವ ಹೊತ್ತಿಗೇ ಬೆತ್ತಕ್ಕೆ ಹೆದರುವುದನ್ನೂ ದನಿ ಏಳದಂತೆ ಅಳುವುದನ್ನೂ ಕಲಿತಿದ್ದರು. ಇದನ್ನು ಬರೆದವಳು ಕ್ರೂರಿಯಲ್ಲ, ಮಕ್ಕಳ ಆತ್ಮದ ಚಿಂತೆ ಹೊತ್ತ ತಾಯಿ ಎಂಬುದೇ ಈ ಚರಿತ್ರೆಯ ಕಗ್ಗಂಟು.

ಆದರೆ ಛಡಿಯನ್ನು ಈ ನಾಡಿಗೆ ಮಿಷನರಿಗಳು ತಂದರು ಎಂದರೆ ಅದು ಸುಳ್ಳು. ಸರಕಾರಿ ಸಾಲೆಗಳಿಗೂ ಮುಂಚಿನ ಗಾಂವಠಿ ಸಾಲೆಗಳಲ್ಲಿ ಕೋದಂಡವೆಂಬ ಶಿಕ್ಷೆ ಇತ್ತು. ತೊಲೆಗೆ ಹಗ್ಗ ಇಳಿಬಿಟ್ಟು, ಹುಡುಗ ಅದನ್ನು ಎರಡೂ ಕೈಯಿಂದ ಹಿಡಿದು ಜೋತಾಡುವಂತೆ ಮಾಡುವುದು. ಕೈ ಸೋತು ಕೆಳಗಿಳಿದರೆ ಛಡಿ ಕಾದಿರುತ್ತಿತ್ತು, ಕೆಲವು ಕಡೆ ನೆಲಕ್ಕೆ ಮುಳ್ಳು ಹಾಸಿರುತ್ತಿತ್ತು. ಬಸ್ಕಿ, ಕಿವಿ ಹಿಂಡುವುದು, ಬಗ್ಗಿಸಿ ಬೆನ್ನ ಮೇಲೆ ಕಲ್ಲು ಹೇರುವುದು ಸಣ್ಣ ಶಿಕ್ಷೆಗಳ ಸಾಲಿಗೆ ಸೇರಿದ್ದವು. ‘ದಂಡಂ ದಶಗುಣಂ’ ಎನ್ನುವ ಊರಿನಲ್ಲಿ ಜ್ಞಾನೋಕ್ತಿಗಳು ಯಾರಿಗೂ ಹೊಸದಾಗಿ ಕೇಳಿಸಿರಲಾರವು. ಹೊಸದೆಂದರೆ ಹೊಡೆತಕ್ಕೆ ಸಿಕ್ಕ ದೇವವಾಕ್ಯದ ಮೊಹರು. ಆ ವಚನಗಳು ಬೆತ್ತ ಕೊಟ್ಟದ್ದು ತಂದೆಯ ಕೈಗೆ. ಮಿಷನ್ನಿನ ಬೋರ್ಡಿಂಗ್ ಶಾಲೆಯಲ್ಲಿ ತಂದೆಯ ಜಾಗದಲ್ಲಿ ಪಾದ್ರಿಯೂ ಮಾಸ್ತರರೂ ನಿಂತಾಗ ಬೆತ್ತವೂ ಸದ್ದಿಲ್ಲದೆ ಕೈ ಬದಲಾಯಿಸಿತು.

ಮಿಷನ್ನಿನ ಶಿಸ್ತು ಮಕ್ಕಳಿಗೆ ಮಾತ್ರ ಸೀಮಿತವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮತ್ತಾಯ 18:15-17ರ ಪ್ರಕಾರ ತಪ್ಪಿದವನನ್ನು ಮೊದಲು ಒಂಟಿಯಾಗಿ, ಆಮೇಲೆ ಒಬ್ಬಿಬ್ಬರ ಮುಂದೆ, ಕೊನೆಗೆ ಸಭೆಯ ಮುಂದೆ ವಿಚಾರಿಸಬೇಕು. ಬಾಸೆಲ್ ಸಭೆಗಳಿಗೆ ಬರಹದಲ್ಲಿದ್ದ ಕಟ್ಟಳೆಗಳಿದ್ದವು. ಹಿರಿಯರು ಸೇರಿ ತೀರ್ಮಾನಿಸಿ, ದಾರಿ ತಪ್ಪಿದವರನ್ನು ಕರ್ತನ ಭೋಜನದಿಂದ ದೂರ ಇಡುತ್ತಿದ್ದರು. ದೊಡ್ಡವರ ತಪ್ಪಿಗೆ ಮೂರು ಹಂತದ ವಿಚಾರಣೆ, ಮಕ್ಕಳ ತಪ್ಪಿಗೆ ಮಾತ್ರ ಒಂದೇ ಏಟು. ಈ ತಾರತಮ್ಯ ಧಾರವಾಡಕ್ಕಷ್ಟೇ ಸೇರಿದ್ದಲ್ಲ, ಇಡೀ ಕ್ರೈಸ್ತ ಜಗತ್ತಿನದು.

ಬೆತ್ತಕ್ಕೆ ಎದುರಾಡಿದವರು ಮೊದಲಿನಿಂದಲೂ ಇದ್ದರು. ನಾಲ್ಕನೆಯ ಶತಮಾನದ ಜಾನ್ ಕ್ರಿಸೊಸ್ತೊಮ್, ಮಗುವಿಗೆ ಏಟಿನ ಹೆದರಿಕೆ ಇರಲಿ, ಏಟು ಪದೇ ಪದೇ ಬೀಳದಿರಲಿ ಎಂದ. ಮಾರ್ಟಿನ್ ಲೂಥರನನ್ನು ತಾಯಿ ಒಂದು ಕಾಯಿಯ ಸಲುವಾಗಿ ರಕ್ತ ಬರುವಂತೆ ಹೊಡೆದಿದ್ದಳು. ಶಾಲೆಯಲ್ಲಿ, ಇನ್ನೂ ಕಲಿಸಿಯೇ ಇರದ ವ್ಯಾಕರಣ ಒಪ್ಪಿಸಲಿಲ್ಲವೆಂದು ಒಂದೇ ಬೆಳಿಗ್ಗೆ 15 ಏಟು ಬಿದ್ದವು. ಅದನ್ನು ಅವನು ಮುಪ್ಪಿನವರೆಗೆ ಮರೆಯಲಿಲ್ಲ. ಆದರೂ ಬೆತ್ತ ಬಿಡಿ ಎನ್ನಲಿಲ್ಲ, ಪಕ್ಕದಲ್ಲಿ ಒಂದು ಸೇಬನ್ನೂ ಇಡಿ ಎಂದ. ಪ್ರಾಟೆಸ್ಟೆಂಟ್ ಮನಸ್ಸು ಬಹಳ ಕಾಲ ನಿಂತದ್ದು ಅಲ್ಲಿಯೇ. ಶಾಲೆಯ ಬೆತ್ತಕ್ಕೆ ನೇರವಾಗಿ ಬದಲಿ ದಾರಿ ತೋರಿಸಿದವರು ಇಟಲಿಯ ಕ್ಯಾಥೊಲಿಕ್ ಪಾದ್ರಿ ಡಾನ್ ಬಾಸ್ಕೊ. ತಪ್ಪು ಆದ ಮೇಲೆ ಹೊಡೆಯುವ ಬದಲು, ತಪ್ಪು ಆಗದಂತೆ ಮಕ್ಕಳ ಜೊತೆಗೇ ಇರಬೇಕು ಎಂಬ ಅವರ ಪದ್ಧತಿಯ ಬರಹ ಹೊರಬಂದದ್ದು 1877ರಲ್ಲಿ.

ಇಪ್ಪತ್ತನೆಯ ಶತಮಾನದ ಕೊನೆಗೆ ಜಗಳ ಬೀದಿಗೆ ಬಂತು. ಅಮೆರಿಕದ ಜೇಮ್ಸ್ ಡಾಬ್ಸನ್ 1970ರಲ್ಲಿ ಬರೆದ ‘ಡೇರ್ ಟು ಡಿಸಿಪ್ಲಿನ್’ ಇವಾಂಜೆಲಿಕಲ್ ಮನೆಗಳಲ್ಲಿ ಹೊಡೆತಕ್ಕೆ ಮತ್ತೆ ಮರ್ಯಾದೆ ತಂದಿತು. 1979ರಲ್ಲಿ ಲೂಥರನ್ ನಾಡಾದ ಸ್ವೀಡನ್ನೇ ಮನೆಯ ಹೊಡೆತವನ್ನೂ ನಿಷೇಧಿಸಿದ ಮೊದಲ ದೇಶವಾಯಿತು. ಬೆತ್ತ ನಮ್ಮ ಧರ್ಮದ ಹಕ್ಕು ಎಂದು ಕೋರ್ಟಿಗೆ ಹೋದ ಕ್ರೈಸ್ತ ಶಾಲೆಗಳು 2000ದಲ್ಲಿ ದಕ್ಷಿಣ ಆಫ್ರಿಕದಲ್ಲೂ 2005ರಲ್ಲಿ ಬ್ರಿಟನ್ನಿನಲ್ಲೂ ಸೋತವು. 2004ರಲ್ಲಿ ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆ ಹೊಡೆತದ ವಿರುದ್ಧ ನಿರ್ಣಯ ಮಾಡಿತು. ಕುರುಬನ ಕೋಲು ಕುರಿಯನ್ನು ದಾರಿಗೆ ತರಲಿಕ್ಕೆ, ಬಡಿಯಲಿಕ್ಕಲ್ಲ ಎಂಬ ವ್ಯಾಖ್ಯಾನ ಈ ಕಾಲದಲ್ಲಿ ಬಹಳ ಓಡಾಡಿತು. ಕೇಳಲು ಚಂದ, ಆದರೆ ಜ್ಞಾನೋಕ್ತಿಗಳು 23ರಲ್ಲಿ ಹೊಡೆಯುವ ಮಾತೇ ಸ್ಪಷ್ಟವಾಗಿದೆ. ಆ ವಚನಗಳು ಅಂದಿನ ಕಾಲದ ಬುದ್ಧಿವಾದ, ಎಂದೆಂದಿನ ಆಜ್ಞೆಯಲ್ಲ ಎನ್ನುವ ವಾದವೇ ಹೆಚ್ಚು ಪ್ರಾಮಾಣಿಕ.

ಬಾಸೆಲ್ ಮಿಷನ್ನಿನ ಹಳೆಯ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಕರ್ನಾಟಕ ಉತ್ತರ ಸಭಾಪ್ರಾಂತದಲ್ಲಿವೆ. ಅದರ ಕೇಂದ್ರ ಧಾರವಾಡ. ಶಾಲೆಯ ಬೆತ್ತದ ಬಗ್ಗೆ ಈಗ ದೇಶದ ಕಾನೂನೂ ಮಾತಾಡುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ, ಮಗುವಿನ ಜವಾಬ್ದಾರಿ ಹೊತ್ತವರ ಕ್ರೌರ್ಯವನ್ನು ಅಪರಾಧವೆನ್ನುವ 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಿನಲ್ಲಿ ಅಂಥ ವಿನಾಯಿತಿ ಇಲ್ಲ. ಮನೆಯೊಳಗಿನ ಏಟಿಗೆ ಮಾತ್ರ ಪೂರ್ತಿ ನಿಷೇಧ ಇನ್ನೂ ಬಂದಿಲ್ಲ. 12 ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪಾಲಕರು ಸದ್ಭಾವದಿಂದ ಮಾಡಿದ್ದಕ್ಕೆ ರಕ್ಷಣೆ ಕೊಡುತ್ತಿದ್ದ ಭಾರತೀಯ ದಂಡ ಸಂಹಿತೆಯ 89ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮಾಗಿ ಮುಂದುವರಿದಿದೆ.